ಕೆಮ್ಮದ ನಲ್ಲಿ

ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಬೆಳಿಗ್ಗೆ ಐದೂಮುಕ್ಕಾಲಿಗೆ ನೀರು ಬರುತ್ತದೆ. ಬರುವ ಮೊದಲು ನಲ್ಲಿ ಕೆಮ್ಮುತ್ತದೆ. ಎರಡು ಸಲ ಒಣ ಕೆಮ್ಮು, ಆಮೇಲೆ ಒಂದಿಷ್ಟು ಕೆಂಪು ನೀರು, ಆಮೇಲೆ ತಣ್ಣನೆಯ ಧಾರೆ. ಕೆಂಪು ನೀರನ್ನು ಪ್ಯಾಸೇಜು ಒರೆಸಲು ಬಕೆಟ್ಟಿಗೆ ಹಿಡಿಯುತ್ತೇನೆ, ಧಾರೆಯನ್ನು ಹಂಡೆಗೆ. ಮದುವೆಯಾಗಿ ಬಂದಂದಿನಿಂದ ಇದೇ ಕೆಲಸ. ನಲ್ಲಿ ಬಾರದ ದಿನ ಬಿಲ್ಡಿಂಗಿಗೆ ಟ್ಯಾಂಕರ್ ತರಿಸುತ್ತಾರೆ, ಅದು ಬೋರ್‌ವೆಲ್ಲಿನ ಉಪ್ಪು ನೀರು. ಆ ದಿನವೂ ಹಂಡೆ ತುಂಬಿಸಿ, ಚಹಾ ಇಟ್ಟು, ಚಪಾತಿ ಮಾಡಿ ಡಬ್ಬಿ ಕಟ್ಟಿದೆ. ಒಂದಲ್ಲ, ಎರಡು ಡಬ್ಬಿ. ಅವತ್ತು ನಾನೂ ಹೊರಡಬೇಕಿತ್ತು.

ನಮ್ಮವರದು ಔಷಧಿ ಬಾಟಲಿಗೆ ಪ್ಲಾಸ್ಟಿಕ್ ಮುಚ್ಚಳ ಮಾಡುವ ಸಣ್ಣ ಕಾರ್ಖಾನೆ. ಸಯನ್ ಹತ್ತಿರದ ಹಳೆಯ ಕಟ್ಟಡವೊಂದರಲ್ಲಿ ಮೂರು ಮಷಿನ್. ಆ ಕಟ್ಟಡ ಕೆಡವಿ ಟವರ್ ಏಳಿಸುತ್ತಾರೆ. ದೀಪಾವಳಿಯೊಳಗೆ ಖಾಲಿ ಮಾಡಬೇಕು. ಊರಾಚೆ ಹೊಸ ಕಾರ್ಖಾನೆಗಳಿಗೆಂದೇ ಮಾಡಿದ ಜಾಗದಲ್ಲಿ, ಶೆಡ್ ಸಮೇತ ಒಂದು ಪ್ಲಾಟನ್ನು ದಲಾಲನೊಬ್ಬ ಗೊತ್ತುಮಾಡಿದ್ದ. ಯಾರೋ ಸಲಹೆ ಕೊಟ್ಟರೆಂದು ಎಷ್ಟೋ ವರ್ಷದ ಹಿಂದೆ ಇವರು ನನ್ನನ್ನು ಕಾಗದದ ಮೇಲೆ ಪಾಲುದಾರಳನ್ನಾಗಿ ಮಾಡಿಕೊಂಡಿದ್ದರು. ಹಾಗಾಗಿ ಸಹಿ ನನ್ನದೂ ಬೇಕಿತ್ತು.

"ನೀ ಬರೇ ಸಹಿ ಮಾಡು. ಉಳಿದದ್ದು ನಾ ನೋಡ್ಕೋತೀನಿ," ಅಂದರು ರಿಕ್ಷಾದಲ್ಲಿ. "ಮನಷ್ಯಾ ಕನ್ನಡದಾಂವ. ಮೋಸ ಮಾಡಂಗಿಲ್ಲ."

ನಮ್ಮವರ ದೌರ್ಬಲ್ಯವೇ ಇದು. ದಿನವಿಡೀ ಹಿಂದಿ, ಮರಾಠಿಯಲ್ಲಿ ಗುದ್ದಾಡಿ ಬಂದವರಿಗೆ ಯಾರಾದರೂ ಕನ್ನಡದಲ್ಲಿ ಊಟ ಆಯಿತಾ ಎಂದರೆ ಸಾಕು, ತಿಜೋರಿಯ ಕೀಲಿ ಕೈಯಲ್ಲಿಟ್ಟುಬಿಡುತ್ತಾರೆ.

ದಲಾಲ ಕೊಟ್ಟಿದ್ದ ಕರಪತ್ರದಲ್ಲಿ ಹೈವೇ, ರೈಲು, ಬಂದರು, ಕರೆಂಟು, ನೀರು ಎಲ್ಲಕ್ಕೂ ಒಂದೊಂದು ಚಿತ್ರವಿತ್ತು. ಸುಳ್ಳು ಹೇಳಬಾರದು, ರಸ್ತೆ ಚೆನ್ನಾಗಿತ್ತು. ಎರಡು ಲಾರಿ ಅಕ್ಕಪಕ್ಕ ಹೋಗುವಷ್ಟು ಅಗಲ. ಕರೆಂಟಿನ ಸಬ್‌ಸ್ಟೇಷನ್ ಗುಂಯ್‌ಗುಡುವುದು ಪ್ಲಾಟಿನ ಗೇಟಿಗೇ ಕೇಳುತ್ತಿತ್ತು. ಉಳಿದದ್ದು ನೀರು. ಕರಗಿದ ಪ್ಲಾಸ್ಟಿಕ್ ಅಚ್ಚಿನಲ್ಲಿ ಗಟ್ಟಿಯಾಗಲು ಅಚ್ಚಿನ ಒಳಗೆ ನೀರು ಹರಿಯುತ್ತಲೇ ಇರಬೇಕು. ಉಪ್ಪು ನೀರಾದರೆ ಒಳಗಿನ ಸಣ್ಣ ದಾರಿಗಳಲ್ಲಿ ಸುಣ್ಣದಂತೆ ಪದರ ಕಟ್ಟಿ ಅಚ್ಚೇ ಕೆಡುತ್ತದೆ. ಹಾಗೆ ಒಮ್ಮೆ ಮಷಿನ್ ನಿಂತಾಗ ಇವರು ಎರಡು ವಾರ ಸರಿಯಾಗಿ ಊಟ ಮಾಡಿರಲಿಲ್ಲ.

ದಲಾಲ ಗೇಟಿನ ಬಳಿಯ ನಲ್ಲಿ ತಿರುಗಿಸಿದ. ಹಿಡಿಯಿಂದ ಗೋಡೆಗೆ ಹಬ್ಬಿದ್ದ ಜೇಡರ ಬಲೆ ಹರಿಯಿತು. ನೀರು ಒಮ್ಮೆಲೇ ಸುರಿಯಿತು.

"ನೋಡಿ ಅಕ್ಕ, ಹೇಗೆ ಬರ್ತದೆ! ಮೈನ್ ಲೈನಿಂದು, ಇಪ್ಪತ್ನಾಲ್ಕು ಗಂಟೆ. ಇಂಥ ಫೋರ್ಸ್ ನೀವು ಚೆಂಬೂರಲ್ಲಿ ಕಂಡಿರ್ಲಿಕ್ಕಿಲ್ಲ."

ನಿಜ, ಕಂಡಿರಲಿಲ್ಲ. ಬಲೆ ಕಟ್ಟುವಷ್ಟು ದಿನ ಮುಚ್ಚಿದ್ದ ನಲ್ಲಿ ಕೆಮ್ಮಲಿಲ್ಲ, ಕೆಂಪು ನೀರು ಉಗುಳಲಿಲ್ಲ. ಕೈಯೊಡ್ಡಿದೆ, ಬಿಸಿಲಿಗೆ ಕಾದ ಟಾಕಿಯ ನೀರಿನಂತೆ ಬೆಚ್ಚಗಿತ್ತು. ಇಬ್ಬರೂ ಆಚೆ ತಿರುಗಿದಾಗ ನಾಲಿಗೆಗೆ ತಾಗಿಸಿಕೊಂಡೆ. ಉಪ್ಪು.

"ಈ ಪೈಪ್ ಎಲ್ಲಿಂದ ಬರ್ತದ್ರಿ?"

"ಅಂಡರ್‌ಗ್ರೌಂಡ್, ಅಕ್ಕ."

"ನೆಲದಾಗಿನ ನೀರು ಬೆಚ್ಚಗ ಯಾಕ?"

"ಬಿಸಿಲು ನೋಡಿ ಹೇಗುಂಟು!"

"ನೆಲದ ಕೆಳಗೂ ಬಿಸಿಲೇನ್ರಿ?"

ಅವನು ನಕ್ಕ. "ಸಾರ್, ಅಕ್ಕನನ್ನು ವಾಟರ್ ಇನ್‌ಸ್ಪೆಕ್ಟರ್ ಮಾಡ್ಬೇಕು ಮಾರಾಯ್ರೆ!"

ಇವರೂ ನಕ್ಕರು. ಆ ನಗೆಗೆ ನನ್ನ ಬೆನ್ನು ನೆಟ್ಟಗಾಯಿತು. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಹೇಳುತ್ತಿದ್ದರು: ಉತ್ತರ ಸಿಗದಿದ್ದರೆ ದನಿ ಏರಿಸಬೇಡ, ಅದೇ ದನಿಯಲ್ಲಿ ಮತ್ತೆ ಕೇಳು. ಕೇಳಿದೆ. ಪೈಪ್ ಎಲ್ಲಿಂದ ಎಂದು ಮೂರನೆಯ ಸಲ ಕೇಳುವ ಹೊತ್ತಿಗೆ ಅವನ ನಗು ನಿಂತಿತ್ತು.

"ಮೀಟರ್ ಎಲ್ಲದರಿ?"

"ಹಾಕ್ತಾರೆ ಅಕ್ಕ. ಸಹಿ ಆದ ಮೇಲೆ."

"ಹಂಗಾರ ಮೀಟರ್ ಬಂದ ಮ್ಯಾಲೆ ಸಹಿ ಮಾಡ್ತೀನಿ," ಎಂದು ಪೆನ್ನಿನ ಕ್ಯಾಪು ಹಾಕಿದೆ. ನನ್ನ ಬಾಟಲಿಯ ನೀರು ಕುಡಿದು ಮುಗಿಸಿ, ಆ ನಲ್ಲಿಯಿಂದ ತುಂಬಿಸಿಕೊಂಡೆ.

ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ಇವರು ಕಾಗದಗಳನ್ನು ಚೀಲಕ್ಕೆ ತುರುಕಿದರು. ಆಮೇಲೆ, "ಇಂಗ್ಲಿಷ್ ಸಾಲಿ ಕಲ್ತೀದಿ ಅಂತ ಮಂದಿ ಮುಂದ ಪರೀಕ್ಷೆ ತಗೋತೀ ಏನು? ದೀಪಾವಳಿಗೆ ಮೂರು ಮಷಿನ್ ತಲಿ ಮ್ಯಾಲೆ ಇಟ್ಕೊಂಡು ಕೂಡ್ಲೇನು?"

"ಕೂಡೋಣ್ರಿ. ಒಂದು ನಾ ಹೊರ್ತೀನಿ."

ಎದುರಿಗೆ ಕುಳಿತವರು ಕಿಟಕಿಯತ್ತ ಮುಖ ತಿರುಗಿಸಿ ನಕ್ಕರು; ಕನ್ನಡ ತಿಳಿಯುತ್ತಿತ್ತೆಂದು ಕಾಣುತ್ತದೆ.

ಸಂಜೆ ಬಾಟಲಿಯ ನೀರನ್ನು ತಂಬಿಗೆಗೆ ಸುರಿದು ಇವರ ಮುಂದಿಟ್ಟೆ. ಇವರು ಮುಟ್ಟಲಿಲ್ಲ.

"ನೀರು ಅಂದ್ರ ನೀರು. ಉಪ್ಪು ನಿನ್ನ ಮನಸಿನ್ಯಾಗದ," ಎಂದು ಕಾಗದಗಳನ್ನು ನನ್ನ ಕಡೆ ಸರಿಸಿದರು. "ನಾಳೆ ಮುಂಜಾನೆ ಆಂವ ಬರ್ತಾನ."

"ಬರ್ಲಿ. ಚಹಾ ಮಾಡ್ತೀನಿ. ಸಹಿ ಮಾಡಂಗಿಲ್ಲ." ಕಾಗದಗಳನ್ನು ತಿರುಗಿ ಇವರ ಕಡೆಗೇ ಸರಿಸಿದೆ. ಇಷ್ಟು ವರ್ಷದಲ್ಲಿ ಇವರು ತೋರಿಸಿದ ಕಡೆಯಲ್ಲೆಲ್ಲ ನಾನು ಓದದೆಯೇ ಸಹಿ ಹಾಕಿದವಳು.

ಆಗಲೇ ಗ್ರೌಂಡ್ ಫ್ಲೋರಿನ ವಿಜಯಪುರದ ಅಕ್ಕ, ನಾನು ಶೇಂಗಾ ಚಟ್ನಿ ಕೊಟ್ಟಿದ್ದ ಡಬ್ಬಿ ಹಿಂತಿರುಗಿಸಲು ಬಂದರು. ಲಿಫ್ಟ್ ಕೆಟ್ಟು ನಾಲ್ಕು ಮಾಳಿಗೆ ಹತ್ತಿದ್ದರು, ಏದುಸಿರು ಬಿಡುತ್ತಿದ್ದರು. ನಾನು ಬೇಡ ಎನ್ನುವಷ್ಟರಲ್ಲಿ ಮೇಜಿನ ಮೇಲಿನ ತಂಬಿಗೆ ಎತ್ತಿ ಒಂದು ಗುಟುಕು ಕುಡಿದೇಬಿಟ್ಟರು. ಮುಖ ಕಿವುಚಿದರು. ಇವರು ತಲೆಯೆತ್ತಿ ನೋಡಿದರು.

"ಅಯ್ಯ ಶಿವನ, ಬಿಲ್ಡಿಂಗಿಗೆ ಇವತ್ತ ಟ್ಯಾಂಕರ್ ಬಂದಿತ್ತೇನ್ರಿ? ನಮಗ್ಯಾರೂ ಹೇಳೇ ಇಲ್ಲ ನೋಡ್ರಿ!"