ಇಕೋ ಮೋಡಿನಲ್ಲಿ ಹೊರಟ ಹೆಬ್ರಿ ಪ್ರಯಾಣ

ಆದಿತ್ಯವಾರ ಬೆಳಿಗ್ಗೆ ಕಾಪುವಿನಿಂದ ಹೊರಟೆವು. ಟ್ಯಾಂಕು ತುಂಬಿಸಿ, ಚಕ್ರಗಳಿಗೆ ಗಾಳಿ ಹಾಕಿಸಿ, ಮೈಲೇಜ್ ಲೆಕ್ಕವನ್ನು ಸೊನ್ನೆಗೆ ತಂದು, ಎಲ್ಲಕ್ಕಿಂತ ಮುಖ್ಯವಾಗಿ ಪೆಟ್ರೋಲ್ ಉಳಿಸುವ ಇಕೋ ಗುಂಡಿ ಒತ್ತಿ ಹೊರಟೆ. ಗೇರು ತಾನೇ ಬದಲಾಗುವ ಹೊಸ ಪೆಟ್ರೋಲ್ ಕಾರು ನಮ್ಮದು. ಇಕೋ, ನಾರ್ಮಲ್, ಸ್ಪೋರ್ಟ್ ಎಂದು ಅದಕ್ಕೆ ಮೂರು ಮೋಡುಗಳು, ಅಂದರೆ ಓಡುವ ರೀತಿಗಳು. ಇಕೋ ಬಿಟ್ಟು ಉಳಿದೆರಡನ್ನು ನಾನು ಮುಟ್ಟಿಯೇ ಇರಲಿಲ್ಲ. ಪೆಟ್ರೋಲ್ ಕುಡಿಯುವ ಗುಂಡಿಗೆ ದುಡ್ಡು ಕೊಟ್ಟದ್ದೇ ಸಾಕು, ಅದನ್ನು ಒತ್ತುವುದು ಬೇರೆ ಯಾಕೆ ಎಂಬುದು ನನ್ನ ವಾದ. ಲೀಟರಿಗೆ ಇಪ್ಪತ್ತು ಕಿಲೋಮೀಟರ್ ದಾಟಿಸಬೇಕೆಂಬ ಹುಚ್ಚು ಹಿಡಿದಿತ್ತು. ಅಲ್ಲಿಯವರೆಗೆ ಲೆಕ್ಕ ಹತ್ತೊಂಬತ್ತಕ್ಕೆ ಬಂದು ಹಟ ಹಿಡಿದು ನಿಂತಿತ್ತು.

ಪಕ್ಕದ ಸೀಟಿನಲ್ಲಿ ನನ್ನ ಹೆಂಡತಿ ವೀಣಾಳ ತಾಯಿ. ಮನೆಮಾತು ತುಳುವಾದ್ದರಿಂದ ಅತ್ತೆಗೆ ಮಾಮಿ ಎನ್ನುವುದೇ ನಮಗೆ ರೂಢಿ. ಮಾಮಿಗೆ ಅರುವತ್ತು ದಾಟಿದೆ. ಕಾಪು ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾರೆ, ಇಡೀ ಊರನ್ನು ಸ್ಕೂಟರಿನಲ್ಲಿ ಸುತ್ತುತ್ತಾರೆ. ಆದರೆ ಕಾರಿನಲ್ಲಿ ಕುಳಿತರೆ ಕಥೆ ಮುಗಿಯಿತು. ಮೊದಲು ತಲೆಸುತ್ತು, ಆಮೇಲೆ ವಾಂತಿ. ಹೆಬ್ರಿಯಲ್ಲಿರುವ ತಮ್ಮ ಅಕ್ಕನ ಮನೆಗೆಂದು ಹೊರಟು ಎರಡು ಸಲ ಕಾರ್ಕಳದಿಂದಲೇ ಹಿಂದೆ ಬಂದಿದ್ದರು. ಈ ದಿನ ಅಕ್ಕನ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. “ಈ ಸಲವೂ ಅರ್ಧದಲ್ಲಿ ತಿರುಗಿದರೆ ನಾನು ಇನ್ನು ನಿನ್ನ ಮನೆಗೆ ಕಾಲಿಡುವುದಿಲ್ಲ” ಎಂದು ಅಕ್ಕ ಫೋನಿನಲ್ಲಿ ಹೇಳಿಬಿಟ್ಟಿದ್ದರು. ಅದಕ್ಕೇ ಮಾಮಿ ಊರವರು ಹೇಳಿದ ಮದ್ದನ್ನೆಲ್ಲ ಮಾಡಿದ್ದರು. ವಾಂತಿ ಬಾರದಿರಲೆಂದು ಸೀಟಿನ ಮೇಲೆ ಹಳೆಯ ಪೇಪರು ಹಾಸಿ ಕುಳಿತು, ಒಂದು ಕೈಯಲ್ಲಿ ಲಿಂಬೆಹಣ್ಣು, ಇನ್ನೊಂದರಲ್ಲಿ ಖಾಲಿ ಚೀಲ ಹಿಡಿದಿದ್ದರು.

ಕಟಪಾಡಿಯಲ್ಲಿ ಹೆದ್ದಾರಿ ಬಿಟ್ಟು, ಶಂಕರಪುರದಲ್ಲಿ ಅಕ್ಕನಿಗೆಂದು ಮಲ್ಲಿಗೆ ಕೊಂಡು, ಶಿರ್ವ, ಬೆಳ್ಮಣ್ ದಾಟಿದೆವು. ಮಳೆಗಾಲ ಮುಗಿದ ಮೇಲಿನ ಸೆಕೆ. ಇಕೋದಲ್ಲಿ ಎಸಿಯೂ ಜಿಪುಣ. ಪೆಡಲು ತುಳಿದರೆ ಕಾರು ‘ನೋಡುವ’ ಎಂದು ಸ್ವಲ್ಪ ಹೊತ್ತು ಯೋಚಿಸುತ್ತದೆ. ಏರಿನಲ್ಲಿ ಸಿಟ್ಟು ಬಂದು ಜೋರಾಗಿ ತುಳಿದರೆ ಗೇರು ಇಳಿಸಿಕೊಂಡು ಒಮ್ಮೆಲೇ ನುಗ್ಗುತ್ತದೆ. ಅಯ್ಯೋ ಪೆಟ್ರೋಲ್ ಎಂದು ನಾನು ಕಾಲು ತೆಗೆಯುತ್ತೇನೆ. ಹೀಗೆ ನುಗ್ಗುತ್ತ, ತೂಕಡಿಸುತ್ತ ಹೋದೆವು. ಕಾರ್ಕಳದ ಹತ್ತಿರ ಪರದೆಯ ಮೇಲೆ ಇಪ್ಪತ್ತು ದಶಮಾಂಶ ಒಂದು ಎಂದು ಮೂಡಿತು. ನನಗೆ ಸ್ವರ್ಗ ಮೂರೇ ಗೇಣು.

“ವೀಣಾ, ನೋಡು, ಇಪ್ಪತ್ತು ದಾಟಿತು.”

“ಮೊದಲು ಅಮ್ಮನ ಮುಖ ನೋಡಿ ಮಾರಾಯ್ರೆ” ಎಂದಳು ವೀಣಾ ಹಿಂದಿನಿಂದ.

ಮಾಮಿಯ ಮುಖ ಬಿಳಿಚಿಕೊಂಡಿತ್ತು. ಆನೆಕೆರೆಯ ಬದಿಯಲ್ಲಿ ನಿಲ್ಲಿಸಿದೆ. ಅವರು ಇಳಿದು ಚೀಲದ ಕೆಲಸ ಮುಗಿಸಿ, ಕೆರೆಯ ಕಟ್ಟೆಯಲ್ಲಿ ಕುಳಿತು ಸೋಡಾ ಶರಬತ್ತು ಕುಡಿದರು. ಹಿಂದಿನ ಎರಡು ಸಲವೂ ಇಲ್ಲಿಯೇ ಕುಳಿತಿದ್ದರಂತೆ.

“ನನ್ನಿಂದ ಆಗುವುದಿಲ್ಲ. ನೀವಿಬ್ಬರು ಹೋಗಿ ಬನ್ನಿ” ಎಂದು ಮಲ್ಲಿಗೆಯ ಕಟ್ಟನ್ನು ಮಗಳ ಕೈಗೆ ಕೊಟ್ಟರು. ಕಣ್ಣಲ್ಲಿ ನೀರಿತ್ತು. ನನಗೆ ಸಂಕಟವಾಯಿತು. ನನ್ನ ಇಪ್ಪತ್ತರ ಸಂತೋಷವೆಲ್ಲ ಇಳಿದುಹೋಯಿತು.

ವೀಣಾ ಮಲ್ಲಿಗೆಯನ್ನು ತಿರುಗಿ ಅಮ್ಮನ ಮಡಿಲಲ್ಲೇ ಇಟ್ಟಳು. “ಅಮ್ಮ, ಸ್ಕೂಟರಿನಲ್ಲಿ ನಿನಗೆ ಎಂತದೂ ಆಗುವುದಿಲ್ಲ ಅಲ್ವಾ? ನಮ್ಮ ಹಳೆ ಕಾರು ನೀನು ಓಡಿಸುವಾಗಲೂ ಆಗಿರಲಿಲ್ಲ. ಇದನ್ನೂ ನೀನೇ ಬಿಡು.”

ಮಾಮಿಗೆ ಲೈಸೆನ್ಸ್ ಇತ್ತು. ಮಗಳಿಗೆ ಜೊತೆಯಾಗಲೆಂದು ಮಣಿಪಾಲದ ಡ್ರೈವಿಂಗ್ ಸ್ಕೂಲಿಗೆ ಸೇರಿ, ಮಗಳಿಗಿಂತ ಮೊದಲು ಪಾಸಾದವರು ಅವರು. ಮೈಲೇಜ್ ಕೆಟ್ಟೀತೆಂದು ಹೊಸ ಕಾರಿನ ಕೀಯನ್ನು ನಾನೇ ಯಾರಿಗೂ ಕೊಟ್ಟಿರಲಿಲ್ಲ. ಈಗ ಕೊಟ್ಟೆ. ವೀಣಾ ಮುಂದೆ ಕುಳಿತಳು, ನಾನು ಹಿಂದೆ.

ಕಾರ್ಕಳ ಪೇಟೆ ದಾಟುವಾಗ ವೀಣಾ ಇಕೋ ತೆಗೆದು ನಾರ್ಮಲ್ ಒತ್ತಿದಳು. ನಾರ್ಮಲ್ ಮೋಡಿನಲ್ಲಿ ಕಾರು ಹೇಳಿದ ಮಾತು ಕೇಳುವ ಮಗುವಿನ ಹಾಗೆ ಹೋಗುತ್ತಿತ್ತು. ಅವರ ಮುಖಕ್ಕೆ ಬಣ್ಣ ಮರಳಿತು. ಮುನಿಯಾಲು ಕಳೆದು ಒಂದು ಏರಿನಲ್ಲಿ ಕೆಂಪುಕಲ್ಲು ಹೇರಿದ ಲಾರಿ ಮುಂದೆ ತೆವಳುತ್ತಿತ್ತು.

“ಈ ಮೂರನೆಯ ಗುಂಡಿ ಎಂತ ಮಾಡ್ತದೆ?” ಎಂದು ಮಾಮಿ ಕೇಳಿದರು.

“ಪೆಟ್ರೋಲ್ ಕುಡೀತದೆ” ಎಂದೆ ನಾನು.

“ಕುಡಿಯಲಿ. ಅಕ್ಕನ ಮನೆಯ ಒಕ್ಕಲು” ಎಂದರು. ಎದುರು ರಸ್ತೆ ಖಾಲಿ ಕಂಡ ಮೇಲೆ ವೀಣಾ ಸ್ಪೋರ್ಟ್ ಒತ್ತಿದಳು.

ಪರದೆ ಕೆಂಪಾಯಿತು, ಸ್ಟೇರಿಂಗ್ ಬಿಗಿಯಾಯಿತು, ಇಂಜಿನ್ನಿನ ದನಿಯೇ ಬೇರೆಯಾಯಿತು. ಎರಡು ತಿಂಗಳು ನಾನು ಓಡಿಸಿದ ಕಾರು ಇದೇ ಹೌದೋ ಅಲ್ಲವೋ ಎನ್ನುವಂತೆ ಅದು ಕಾಲು ಇಟ್ಟ ಕೂಡಲೇ ಚಿಮ್ಮಿತು. ಲಾರಿ ಹಿಂದೆ ಬಿತ್ತು. ಮಾಮಿ ಬಾಯಿ ತುಂಬ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ವರಂಗದ ತಿರುವುಗಳಲ್ಲಿ ಕಾರೂ ಅವರೂ ಒಂದೇ ಆಗಿ ಬಾಗುತ್ತಿದ್ದರು. ಹಿಂದೆ ಕುಳಿತ ನನಗೂ ರೋಮಾಂಚನ. ಜೊತೆಗೆ ಹೊಟ್ಟೆಯುರಿ, ಯಾಕೆಂದರೆ ಪರದೆಯಲ್ಲಿ ಸಂಖ್ಯೆ ಹದಿನೆಂಟಾಯಿತು, ಹದಿನಾರಾಯಿತು. ಅದನ್ನು ಓದಲು ಬಗ್ಗಿ ಬಗ್ಗಿ ನೋಡುತ್ತಿದ್ದವನಿಗೆ ಸ್ವಲ್ಪದರಲ್ಲೇ ಹೊಟ್ಟೆ ತೊಳಸತೊಡಗಿತು.

“ವೀಣಾ, ಆ ಲಿಂಬೆಹಣ್ಣು ಇಲ್ಲಿ ಕೊಡು.”

ಹೆಬ್ರಿಯಲ್ಲಿ ದೊಡ್ಡಮ್ಮ, ಅಂದರೆ ಮಾಮಿಯ ಅಕ್ಕ, ಚೊಂಬಿನಲ್ಲಿ ನೀರು ಹಿಡಿದುಕೊಂಡೇ ಅಂಗಳಕ್ಕೆ ಬಂದರು. ತಂಗಿ ಬಂದರೂ ಸುಸ್ತಾಗಿ ಮಲಗಿರುತ್ತಾಳೆಂದು ನೇರ ಹಿಂದಿನ ಬಾಗಿಲು ತೆರೆದರು. ಒಳಗೆ ಲಿಂಬೆಹಣ್ಣು ಮೂಸುತ್ತ ನಾನಿದ್ದೆ.

“ಅವಳೆಲ್ಲಿ? ಪುನಃ ಕಾರ್ಕಳದಲ್ಲಿ ಬಿಟ್ಟು ಬಂದ್ರಾ?” ಎಂದರು.

ಬಾಯಿ ತೆರೆದರೆ ಅಪಾಯವಿತ್ತು. ಮುಂದಕ್ಕೆ ಕೈ ತೋರಿಸಿದೆ. ಡ್ರೈವರ್ ಬದಿಯಿಂದ ಮಾಮಿ ಇಳಿದು ಸೆರಗು ಸರಿಮಾಡಿಕೊಂಡರು.

“ಅಕ್ಕ, ನೀರು ಅವರಿಗೆ ಕೊಡು.”

ದೊಡ್ಡಮ್ಮ ಚೊಂಬನ್ನು ನನ್ನ ಕೈಗೆ ಕೊಟ್ಟು ತಂಗಿಯನ್ನು ತಬ್ಬಿಕೊಂಡರು. ಇಬ್ಬರೂ ಅತ್ತರು, ನಕ್ಕರು. ಮಲ್ಲಿಗೆ ದೊಡ್ಡಮ್ಮನ ಮುಡಿಗೇರಿತು. ಊಟಕ್ಕೆ ಗುಳ್ಳ ಬದನೆಯ ಹುಳಿ, ಹೋಳಿಗೆ, ಪಾಯಸ. ನಾನು ಅನ್ನ ಮಜ್ಜಿಗೆಯಲ್ಲೇ ಮುಗಿಸಿದೆ.

ಹಿಂದೆ ಬರುವಾಗ ಪೆರ್ಡೂರು, ಹಿರಿಯಡ್ಕ ದಾರಿ. ಓಡಿಸಿದವರು ಮಾಮಿಯೇ. ಮಣಿಪಾಲದ ಏರಿಗೆ ಸ್ಪೋರ್ಟ್, ಉಡುಪಿಯ ಗಿಜಿಗಿಜಿಯಲ್ಲಿ ನಾರ್ಮಲ್. ಹೆದ್ದಾರಿ ಸಿಕ್ಕಿದ ಮೇಲೆ ಕನ್ನಡಿಯಲ್ಲಿ ನನ್ನ ಮುಖ ನೋಡಿ ಕನಿಕರದಿಂದ ಇಕೋ ಒತ್ತಿದರು. ಕಾಪು ಮುಟ್ಟುವಾಗ ಇಡೀ ಪ್ರಯಾಣದ ಲೆಕ್ಕ ಹದಿನಾರರ ಹತ್ತಿರ ನಿಂತಿತು. ಅದನ್ನು ಯಾರೂ ಕೇಳಲಿಲ್ಲ.

ಮನೆಯ ಮುಂದೆ ಇಳಿದು, ಮಾಮಿ ಬೆಳಿಗ್ಗೆ ಸೀಟಿಗೆ ಹಾಸಿದ್ದ ಪೇಪರನ್ನು ತೆಗೆಯಲು ಹೋದೆ. ಮಾಮಿ ತಡೆದರು. ಕಾರಿನ ಕೀ ಇನ್ನೂ ಅವರ ಕೈಯಲ್ಲೇ ಇತ್ತು.

“ಇರಲಿ, ತೆಗೀಬೇಡಿ. ಬರುವ ಆದಿತ್ಯವಾರ ಅಕ್ಕನನ್ನು ಕರಕೊಂಡು ಬರ್ಲಿಕ್ಕೆ ಉಂಟು. ನೀವೂ ಬರುವುದಾದರೆ ಬೇಕಾಗ್ತದೆ.”