ಖಾರದ ಟೀಚರ ಮಾದರಿ ಪಾಠ

ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು, ಆದರೆ ಆ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವರು ಖಾರದ ಟೀಚರ್. ಇದು ಮಕ್ಕಳನ್ನು ಗದರಿಸಿ ಬಂದ ಹೆಸರಲ್ಲ. ಒಂದನೇ ತರಗತಿಯ ಮಕ್ಕಳ ಮುಂದೆ ಅವರು ಬೆಣ್ಣೆ. ಖಾರವೆಲ್ಲ ದೊಡ್ಡವರಿಗೆ ಮೀಸಲು. ಬೆಂಚು ರಿಪೇರಿಗೆ ಒಯ್ದು ತಿರುಗಿ ನೋಡದ ಬಡಗಿ, ‘ನಮ್ಮವನು ದಡ್ಡ, ಬಿಡಿ ಟೀಚರ್’ ಎಂದು ಮಗನ ಎದುರಿಗೇ ಹೇಳಿದ ಅಪ್ಪ, ಎಲ್ಲರೂ ಅದರ ರುಚಿ ನೋಡಿದವರೇ. ಅವರು ಸ್ಟಾಫ್ ರೂಮಿಗೆ ಬರುವ ಸದ್ದಾದರೆ, ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿ ಎಂದು ಉಳಿದವರು ಪಿಸುಗುಟ್ಟುತ್ತಿದ್ದರು.

ಇಂಥವರಿಗೆ ಇಲಾಖೆ ಒಂದು ಹೊಸ ಜವಾಬ್ದಾರಿ ಕೊಟ್ಟಿತು. ಸುತ್ತಲಿನ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಓದು ಕಲಿಸುವ ಟೀಚರುಗಳು ಇವರ ಶಾಲೆಗೆ ತರಬೇತಿಗೆ ಬರಬೇಕು. ಬೆಳಿಗ್ಗೆ ಚರ್ಚೆ, ಮಧ್ಯಾಹ್ನ ಇವರದೇ ತರಗತಿಯಲ್ಲಿ ಮಾದರಿ ಪಾಠ. ಖಾರದ ಟೀಚರ್ ಆ ರಾತ್ರಿ ಊಟ ಮಾಡುವುದನ್ನೇ ಮರೆತು ಯೋಚಿಸಿದರು. ಓದು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಅದನ್ನು ಹೇಗೆ ಬಿಡಿಸಬೇಕು ಎಂದು ನಾಲ್ಕು ಜನ ಕೂತು ನೋಡುವ ಅವಕಾಶ ಯಾರಿಗೆ ಸಿಗುತ್ತದೆ?

ಆದರೆ ಹೆಡ್‌ಮಾಸ್ಟರು ಮೇಲೆ ಥಳುಕು ಒಳಗೆ ಹುಳುಕು ಎಂಬ ಜಾತಿಯವರು. ಅತಿಥಿಗಳು ಬರುವ ಮೊದಲೇ ತರಗತಿಗೆ ಬಂದು, ಓದಲು ಬರುವ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ಬಾರದವರನ್ನು ಆಟಕ್ಕೆಂದು ಮೈದಾನಕ್ಕೆ ಅಟ್ಟುತ್ತಿದ್ದರು. ಮಾದರಿ ಪಾಠ ನೀರು ಕುಡಿದಷ್ಟು ಸಲೀಸಾಗಿ ಮುಗಿಯುತ್ತಿತ್ತು. ಬಂದವರು ಚಪ್ಪಾಳೆ ತಟ್ಟಿ, ಸಹಿ ಮಾಡಿ, ಬಸ್ಸು ಹಿಡಿಯುತ್ತಿದ್ದರು. ಇದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದು ಟೀಚರಿಗೆ ಮೊದಲ ದಿನವೇ ಗೊತ್ತಾಗಿತ್ತು. ಜಗಳವಾಡಿದರು. “ಮನೆಗೆ ನೆಂಟರು ಬಂದ್ರೆ ಹರಿದ ಚಾಪೆ ಹಾಸ್ತೀರಾ ಮೇಡಂ?” ಎಂದು ಹೆಡ್‌ಮಾಸ್ಟರು ನಕ್ಕರು. ಮಕ್ಕಳನ್ನು ಹರಿದ ಚಾಪೆ ಎಂದ ಆ ನಗುವನ್ನು ಟೀಚರ್ ಮರೆಯಲಿಲ್ಲ.

ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರ ಅಕ್ಕನಿಗೆ ಇದನ್ನು ಕೇಳಿ ನಗು ತಡೆಯಲಾಗಲಿಲ್ಲ. “ನಮ್ಮ ವಾರ್ಡಲ್ಲೂ ಹಂಗೇ ಮಾಡಿದ್ರೆ ಚೆನ್ನಾಗಿತ್ತು ಕಣೇ. ರೋಗಿಗಳನ್ನ ಆಚೆ ಕಳ್ಸಿ, ಗಟ್ಟಿಮುಟ್ಟಾಗಿರೋರನ್ನ ಮಲಗ್ಸಿ ಡಾಕ್ಟರಿಗೆ ತೋರಿಸೋದು.” ಆಮೇಲೆ ತಂಗಿಯ ಮುಖ ನೋಡಿ ನಗು ನಿಲ್ಲಿಸಿದಳು. “ನೋಡು, ಕೋಪದಲ್ಲಿ ಕೊಯ್ಕೊಂಡ ಮೂಗು ಮತ್ತೆ ಬರಲ್ಲ. ಈ ಕೆಲ್ಸ ಕೈಯಲ್ಲಿದ್ರೆ ತಾನೇ ನೀನು ಏನಾದ್ರೂ ಮಾಡೋಕಾಗೋದು?”

ಆ ಮಾತಿಗೆ ಕಟ್ಟುಬಿದ್ದು ಟೀಚರ್ ಹಲ್ಲು ಕಚ್ಚಿಕೊಂಡಿದ್ದರು, ಮೋಟುಜಡೆ ಏಳುವ ತನಕ.

ಮೋಟುಜಡೆ ಕೊನೆಯ ಬೆಂಚಿನ ಹುಡುಗಿ. ಬಿಡಿ ಅಕ್ಷರಗಳನ್ನು ಪಟಪಟ ಹೇಳುತ್ತಾಳೆ, ಎರಡನ್ನು ಕೂಡಿಸಿ ಓದು ಎಂದರೆ ಬಾಯಿಗೆ ಬೀಗ. ಅವತ್ತು ದೊಡ್ಡ ಅಧಿಕಾರಿ ಬರುವವರಿದ್ದರು. ಪ್ಯೂನ್ ಕುರ್ಚಿಗಳನ್ನು ಎಳೆದು ತರುವ ಸದ್ದು ಕೇಳಿದ್ದೇ ತಡ, ಆ ಹುಡುಗಿ ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು, ನೀರಿನ ಬಾಟಲಿ ಎತ್ತಿಕೊಂಡು ಬಾಗಿಲ ಕಡೆ ಹೊರಟಳು. ಯಾರೂ ಅವಳಿಗೆ ಏನೂ ಹೇಳಿರಲಿಲ್ಲ.

“ಎಲ್ಲಿಗೆ ಪುಟ್ಟಾ?”

“ಆಚೆ, ಟೀಚರ್. ದೊಡ್ಡೋರು ಬಂದ್ರಲ್ಲ.”

ಮಳೆ ಬಂದರೆ ಕೊಡೆ ಬಿಚ್ಚಬೇಕು ಎಂಬಷ್ಟು ಸಹಜವಾಗಿ ಹೇಳಿದಳು. ಅವಳ ಮುಖದಲ್ಲಿ ದುಃಖವಿರಲಿಲ್ಲ. ಅದನ್ನು ಕಂಡೇ ಟೀಚರಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಓದು ಕಲಿಸುವ ಮೊದಲು ಶಾಲೆ ಆ ಮಗುವಿಗೆ ಇದನ್ನು ಕಲಿಸಿಬಿಟ್ಟಿತ್ತು.

ಅವಳ ಚೀಲ ಇಳಿಸಿ, ಕೈ ಹಿಡಿದು, ಮುಂದಿನ ಸಾಲಿನ ನಟ್ಟನಡುವೆ ಕೂರಿಸಿದರು. ಆಗಲೇ ಮೈದಾನ ಸೇರಿದ್ದವರನ್ನೂ ಕರೆಸಿದರು. ಹೆಡ್‌ಮಾಸ್ಟರು ಓಡಿಬಂದರು.

“ಮೇಡಂ, ಇವತ್ತು ಬೇಡ. ನಿಮ್ಮ ಜಾಗಕ್ಕೇ ಕುತ್ತು ಬರುತ್ತೆ.”

“ಓದೋಕೆ ಬರೋರಿಗೆ ಓದು ಕಲಿಸಿ ತೋರಿಸೋಕೆ ಆ ಜಾಗದಲ್ಲಿ ನಾನ್ಯಾಕೆ ಇರ್ಬೇಕು ಸರ್? ಒಂದು ಗೊಂಬೆ ಕೂರಿಸಿ, ಸಾಕು.”

ಪಾಠ ಶುರುವಾಯಿತು. ಚಿತ್ರದ ಕೆಳಗಿದ್ದ ‘ಮರ’ ತೋರಿಸಿದರೆ ಮೋಟುಜಡೆ ಚಿತ್ರ ನೋಡಿ “ಗಿಡ” ಎಂದಳು. ಟೀಚರ್ ಚಿತ್ರವನ್ನು ಅಂಗೈಯಿಂದ ಮುಚ್ಚಿದರು. “ಮ... ರ...” ಎಂದು ನಿಂತಳು. ಅಕ್ಷರದ ಬಿಲ್ಲೆಗಳನ್ನು ದೂರ ಇಟ್ಟು, ಹತ್ತಿರ ಸರಿಸಿ, ಉಸಿರು ಬಿಡದೆ ಹೇಳಿಸಿದರು. ಆಗಲಿಲ್ಲ. ಚಪ್ಪಾಳೆ ತಟ್ಟಿಸಿ ನೋಡಿದರು. ಆಗಲಿಲ್ಲ. ಹಿಂದೆ ಕೂತ ಟೀಚರುಗಳು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದರು. ಇಷ್ಟು ದಿನ ಆಕಳಿಸುತ್ತಿದ್ದವರು ಇವರೇ. ಗಂಟೆ ಹೊಡೆಯುವವರೆಗೂ ಹುಡುಗಿ ಓದಲಿಲ್ಲ.

ಅಧಿಕಾರಿ ಎದ್ದರು. “ಮಾದರಿ ಪಾಠ ಅಂದ್ರೆ ಮಾದರಿ ಥರ ಇರ್ಬೇಕಮ್ಮ.”

“ನಿಮಗೆ ಬೇಕಾಗಿರೋದು ನಾಟಕ ಸರ್. ಅದಕ್ಕೆ ಬಣ್ಣ ಹಚ್ಕೊಳ್ಳೋರು ಬೇರೆ ಸಿಗ್ತಾರೆ,” ಎಂದರು ಖಾರದ ಟೀಚರ್.

ಎಲ್ಲರೂ ಹೊರಟ ಮೇಲೆ, ನಿವೃತ್ತಿಯ ಅಂಚಿನಲ್ಲಿದ್ದ ಕನ್ನಡಕದ ಟೀಚರೊಬ್ಬರು ಮಾತ್ರ ಉಳಿದರು. “ನನ್ನ ಕ್ಲಾಸಲ್ಲೂ ಇಂಥವರಿದಾರೆ. ಇಷ್ಟು ವರ್ಷ ನಾನೊಬ್ಬಳೇ ಕೆಟ್ಟ ಟೀಚರ್ ಅಂದ್ಕೊಂಡಿದ್ದೆ. ನಾಳೆ ಇವಳಿಗೆ ಏನ್ ಮಾಡ್ತೀರಾ?”

“ನನಗೂ ಗೊತ್ತಿಲ್ಲ,” ಎಂದು ಟೀಚರ್ ಅವರ ಮೇಲೂ ರೇಗಿದರು. “ಬೇಕಾದ್ರೆ ಬಂದು ನೋಡಿ.”

ಅಕ್ಕ ಹೇಳಿದಂತೆ ಮೂಗು ಹೋಯಿತು. ತರಬೇತಿಯ ಕೆಲಸ ಇನ್ನೊಂದು ಶಾಲೆಯವರ ಪಾಲಾಯಿತು. ಅಲ್ಲಿ ಪಾಠಗಳು ಬಹಳ ಚೆನ್ನಾಗಿ ನಡೆಯುತ್ತವೆ ಎಂದು ಹೆಡ್‌ಮಾಸ್ಟರು ಬೇಕೆಂದೇ ಇವರ ಕಿವಿಗೆ ಬೀಳುವಂತೆ ಹೇಳುತ್ತಿದ್ದರು. ಟೀಚರ್ ಸೀಮೆಸುಣ್ಣ ಮುರಿಯುವಷ್ಟು ಒತ್ತಿ ಬರೆಯುತ್ತಿದ್ದರು. ಸಿಟ್ಟು ಇಳಿಯಲಿಲ್ಲ.

ಒಂದು ಶನಿವಾರ ಬಾಗಿಲಲ್ಲಿ ಕನ್ನಡಕದ ಟೀಚರ್ ಕಾಣಿಸಿಕೊಂಡರು. ಸಹಿಯಿಲ್ಲ, ಭತ್ಯೆಯಿಲ್ಲ, ಯಾರ ಆದೇಶವೂ ಇಲ್ಲ. ಹಿಂದೆ ಇನ್ನೂ ಕೆಲವರಿದ್ದರು. ಕುರ್ಚಿ ಸಿಗದೆ ಮಕ್ಕಳ ಗಿಡ್ಡ ಬೆಂಚುಗಳಲ್ಲೇ ಮಂಡಿ ಮಡಚಿ ಕೂತರು. ಅವರನ್ನು ಕಂಡದ್ದೇ ಮೋಟುಜಡೆ ಎದ್ದು ಚೀಲಕ್ಕೆ ಕೈಹಾಕಿದಳು.

“ಕೂತ್ಕೋ,” ಎಂದರು ಟೀಚರ್. “ಇವರು ಬಂದಿರೋದು ನಿನ್ನ ನೋಡೋಕೆ.”

ಹುಡುಗಿಗೆ ನಂಬಿಕೆ ಬರಲಿಲ್ಲ. “ನಂಗೆ ಓದೋಕೆ ಬರಲ್ವಲ್ಲ, ಟೀಚರ್.”

“ಅದಕ್ಕೇ ಬಂದಿರೋದು.”