ತೋಳುಪಟ್ಟಿ ಕಟ್ಟಿದ ತೋಟಗಾರ

ನಮ್ಮ ಇಸಾಬೆಲ್ ದ್ವೀಪದಲ್ಲಿ ನನ್ನ ಅಜ್ಜ ಎಲ್ಕಾನಾನನ್ನು ಎಲ್ಲರೂ ಎಂಟೆದೆಯ ಬಂಟ ಎನ್ನುತ್ತಾರೆ. ಕೇಳಿ ಕೇಳಿ ನನಗೆ ಸಾಕಾಗಿದೆ. ಅವನಷ್ಟು ಪುಕ್ಕಲನನ್ನು ನಾನು ನೋಡಿಲ್ಲ. ಯಾರಾದರೂ ಹಿಂದಿನಿಂದ ಹೆಸರು ಹಿಡಿದು ಕೂಗಿದರೆ ಸಾಕು, ಮೈಯೆಲ್ಲ ಬೆವರುತ್ತಿತ್ತು. ಯಾಕೆ ಹಾಗೆಂದು ಅಜ್ಜಿ ದೋರ್ಕಾ ಸಾಯುವ ಮುಂಚೆ ನನಗೆ ಹೇಳಿದಳು.

ಮಹಾಯುದ್ಧದಲ್ಲಿ ಜಪಾನಿನವರು ನಮ್ಮ ಕೊಲ್ಲಿಯಲ್ಲಿ ಬೀಡುಬಿಟ್ಟಿದ್ದ ವರ್ಷ ಅದು. ಅಜ್ಜ ಪರಂಗಿಹಣ್ಣಿನ ಬುಟ್ಟಿ ಹೊತ್ತು ಅವರ ಪಾಳೆಯಕ್ಕೆ ಹೋಗುವನು, ವಿಮಾನ ಎಷ್ಟು, ಹಡಗು ಎಷ್ಟು ಎಂದು ನೋಡಿಕೊಂಡು ಬರುವನು. ಗುಡ್ಡದ ಕಾಡಿನಲ್ಲಿ ರೇಡಿಯೊ ಇಟ್ಟುಕೊಂಡು ಅಡಗಿದ್ದ ಬಿಳಿಯ ಅಧಿಕಾರಿಗೆ ಅದನ್ನು ಒಪ್ಪಿಸುವನು. ಒಂದು ದಿನ ಆ ಅಧಿಕಾರಿ ಅಜ್ಜನಿಗೆ ಮುದ್ರೆಯೊತ್ತಿದ ತೋಳುಪಟ್ಟಿಯೊಂದನ್ನು ಕೊಟ್ಟ.

"ಇದನ್ನ ಕಾಣೋ ಹಾಗೆ ಕಟ್ಕೊಂಡ್ರೆ ನೀನು ಸೈನಿಕ. ಸಿಕ್ಕಿಬಿದ್ರೆ ಸೆರೇಲಿ ಇಡ್ಬೇಕು, ಕೊಲ್ಲೋ ಹಾಗಿಲ್ಲ. ಹಾಗಂತ ಯುದ್ಧದ ಕಾನೂನಿದೆ. ಕಟ್ಕೊಳ್ಳದೆ ಸಿಕ್ಕಿದ್ರೆ ಗೂಢಚಾರ. ಆಗ ತಲೆ ಉಳಿಯಲ್ಲ."

"ಕಟ್ಕೊಂಡು ಹಣ್ಣು ಮಾರೋಕೆ ಹೋದ್ರೆ ಒಳಗೆ ಬಿಡ್ತಾರಾ ದೊರೆ?"

"ಹುಚ್ಚ, ಹೇಗೆ ಬಿಡ್ತಾರೆ?"

"ಮತ್ತೆ ಇದನ್ನ ಕಟ್ಕೊಂಡು ಹೆಂಡ್ತಿ ಮುಂದೆ ಕೂತ್ಕೊಳ್ಳಲಾ?" ಎಂದು ಅಜ್ಜ ನಕ್ಕನಂತೆ. ಪಟ್ಟಿಯನ್ನು ತಂದು ಮನೆಯ ಸೂರಿಗೆ ಸಿಕ್ಕಿಸಿದ.

ಅಲ್ಲಿ ಅದು ಹೋಸಿಯಾನ ಕಣ್ಣಿಗೆ ಬಿತ್ತು. ಹೋಸಿಯಾ ಅಜ್ಜಿಯ ತಮ್ಮ. ಕೆಸುವಿನ ಗೆಡ್ಡೆ ಬೆಳೆದುಕೊಂಡಿದ್ದ ಮನುಷ್ಯ, ಕೋವಿ ಮುಟ್ಟಿದವನಲ್ಲ. ಶೋಕಿ ಮಾತ್ರ ವಿಪರೀತ.

"ಬಾವ, ಅದು ನಂಗೆ ಕೊಡು."

"ಅದು ಆಟದ ಸಾಮಾನಲ್ಲ ಕಣೋ."

"ನಿನ್ನ ಒಣಕಲು ತೋಳಿಗೆ ಎಲ್ಲಿ ನಿಲ್ಲುತ್ತೆ? ಕೊಡು."

ನಮ್ಮಲ್ಲಿ ಹೆಂಡತಿಯ ತಮ್ಮ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಎನ್ನುವಂತಿಲ್ಲ. ದೋಣಿಯಾದರೂ ಸರಿ, ಹಂದಿಯಾದರೂ ಸರಿ, ಕೊಟ್ಟುಬಿಡಬೇಕು. ಇಲ್ಲ ಎಂದರೆ ಹೆಂಡತಿಯ ಮನೆತನಕ್ಕೇ ಅವಮಾನ. ಅಜ್ಜ ಕೊಟ್ಟ. ಹೊರಗೆ ಕಟ್ಟಬೇಡ ಎಂದೇನೋ ಹೇಳಿದ. ಮೂರನೆಯ ದಿನ ಹೋಸಿಯಾ ಅದನ್ನು ಕಟ್ಟಿಕೊಂಡು ತೋಟಕ್ಕೆ ಹೋದ, ಗಸ್ತಿನವರ ಕೈಗೆ ಸಿಕ್ಕ.

ಮರುದಿನ ಪಾಳೆಯಕ್ಕೆ ಹೋಗಲು ಅಜ್ಜನಿಗೆ ಮನಸ್ಸಿರಲಿಲ್ಲ. ಹಣ್ಣಿನವನು ಬರದಿದ್ದರೆ ಅನುಮಾನ ಬರುತ್ತದೆಂದು ಹೊರಟ. ಹೋಸಿಯಾನ ಜೊತೆ ಸಿಕ್ಕಿಬಿದ್ದಿದ್ದ ಇಬ್ಬರು ದಾರಿಯಲ್ಲಿ ಎದುರಾದರು. ಅವರನ್ನು ತೋಟದವರೆಂದು ತಿಳಿದು ಗಸ್ತಿನವರು ಎರಡೇಟು ಬಿಗಿದು ಬಿಟ್ಟಿದ್ದರಂತೆ. ಹೋಸಿಯಾನನ್ನು ಮಾತ್ರ ಬಿಟ್ಟಿರಲಿಲ್ಲ.

ಪಾಳೆಯದಲ್ಲಿ ಅವನನ್ನು ತೆಂಗಿನ ಮರಕ್ಕೆ ಕಟ್ಟಿದ್ದರು. ತೋಳಲ್ಲಿ ಪಟ್ಟಿ ಇನ್ನೂ ಇತ್ತು. ನಮ್ಮ ಭಾಷೆ ಅಷ್ಟಿಷ್ಟು ಬಲ್ಲ ಸೈನಿಕನೊಬ್ಬ ಅಜ್ಜನ ರಟ್ಟೆ ಹಿಡಿದು ಅವನೆದುರು ನಿಲ್ಲಿಸಿದ.

"ಇವನು ಯಾರು? ಸೈನಿಕನಾ, ಅಲ್ವಾ?"

ಹೋಸಿಯಾ ಬಾವ ಎನ್ನಲಿಲ್ಲ. ಗುರುತೇ ಇಲ್ಲದವನಂತೆ, "ಹಣ್ಣಿನವನೇ, ನಾನು ಗೆಡ್ಡೆ ಬೆಳೆಯೋನು ಅಂತ ಹೇಳಪ್ಪಾ" ಎಂದ.

ಅಜ್ಜ ಒಳಗೊಳಗೇ ಯೋಚಿಸಿದ. ತೋಟದವನು ಎಂದರೆ, ಹಾಗಾದರೆ ಈ ಪಟ್ಟಿ ಯಾರದು ಎಂದು ಕೇಳುತ್ತಾರೆ. ಸೈನಿಕ ಎಂದರೆ ಕೊಲ್ಲುವ ಹಾಗಿಲ್ಲ, ದೊರೆಯೇ ಹೇಳಿದ್ದಾನೆ.

"ಸೈನಿಕ" ಎಂದ.

ಹೋಸಿಯಾ ಆಗಲೂ ಪಟ್ಟಿ ಯಾರದೆಂದು ಹೇಳಲಿಲ್ಲ.

ಕಾನೂನು ತಪ್ಪಲಿಲ್ಲ. ಅವನ ಕಟ್ಟು ಬಿಚ್ಚಿದರು, ಅನ್ನ ಕೊಟ್ಟರು, ಸೆರೆಯಾಳುಗಳ ಹಡಗು ಹತ್ತಿಸಿದರು. ಐದನೆಯ ದಿನ ನಮ್ಮ ಪಕ್ಷದ ವಿಮಾನಗಳೇ, ಒಳಗೆ ಯಾರಿದ್ದಾರೆಂದು ತಿಳಿಯದೆ, ಆ ಹಡಗನ್ನು ಮುಳುಗಿಸಿದವು.

ಸುದ್ದಿ ಬಂದ ದಿನ ಅಜ್ಜ ಎಲ್ಲವನ್ನೂ ಅಜ್ಜಿಗೆ ಹೇಳಿದ. ಅಜ್ಜಿ ಅಳಲಿಲ್ಲ.

"ತೋಟದವನು ಅಂದಿದ್ರೆ ಎರಡೇಟು ತಿಂದು ಮನೆಗೆ ಬರ್ತಿದ್ನಲ್ಲ?"

"ಬರ್ತಿದ್ನೇನೋ."

"ಸೈನಿಕ ಅಂದಿದ್ದು ಅವನನ್ನ ಉಳಿಸೋಕೋ, ನಿನ್ನನ್ನ ಉಳಿಸ್ಕೊಳ್ಳೋಕೋ?"

"ಗೊತ್ತಿಲ್ಲ ದೋರ್ಕಾ," ಎಂದನಂತೆ ಅಜ್ಜ. "ನಂಗೆ ತುಂಬಾ ಹೆದರಿಕೆ ಆಗಿತ್ತು."